ಸ್ವಾರ್ಥವೂ ಸರಿತೂಕವೂ



2008ರ ಅಕ್ಟೋಬರ್ 23. ಅಮೆರಿಕದ ರಾಜಧಾನಿ ವಾಷಿಂಗ್ಟನ್. ಅಲ್ಲಿನ ಸಂಸತ್ತಿನ ಒಂದು ಸಮಿತಿ ವಿಚಾರಣೆ ನಡೆಸುತ್ತಿದೆ. ಸಮಿತಿಯ ಎದುರು ಕುಳಿತವರು 82 ವರ್ಷದ ಹಿರಿಯರು. ದಪ್ಪ ಕನ್ನಡಕ, ಮೆಲುದನಿ. ಹೆಸರು ಅಲನ್ ಗ್ರೀನ್‌ಸ್ಪ್ಯಾನ್. ಅಮೆರಿಕದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್‌ಗೆ 18 ವರ್ಷಕ್ಕೂ ಹೆಚ್ಚು ಕಾಲ ಅಧ್ಯಕ್ಷರಾಗಿದ್ದವರು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಇದ್ದಾರಲ್ಲ, ಅಂಥ ಹುದ್ದೆ. ಅವರು ಒಂದು ಮಾತು ಆಡಿದರೆ ಜಗತ್ತಿನ ಷೇರುಪೇಟೆಗಳು ಏರುತ್ತಿದ್ದವು, ಇಳಿಯುತ್ತಿದ್ದವು.

ಆ ವಿಚಾರಣೆಗೆ ಐದಾರು ವಾರ ಮೊದಲು ಲೇಹ್ಮನ್ ಬ್ರದರ್ಸ್ ಎಂಬ ಹಣಕಾಸು ಸಂಸ್ಥೆ ದಿವಾಳಿಯಾಗಿತ್ತು. 150 ವರ್ಷಕ್ಕೂ ಹಳೆಯ ಸಂಸ್ಥೆ. ಅದರ ಹಿಂದೆಯೇ ಜಗತ್ತಿನ ಬ್ಯಾಂಕುಗಳೆಲ್ಲ ಅಲ್ಲಾಡತೊಡಗಿದ್ದವು. ಸಮಿತಿಯ ಅಧ್ಯಕ್ಷ ಹೆನ್ರಿ ವ್ಯಾಕ್ಸ್‌ಮನ್ ನೇರವಾಗಿ ಕೇಳಿದರು: ನೀವು ನಂಬಿದ ಸಿದ್ಧಾಂತವೇ ನಿಮ್ಮನ್ನು ದಾರಿ ತಪ್ಪಿಸಿತೆ? ಗ್ರೀನ್‌ಸ್ಪ್ಯಾನ್ ಒಪ್ಪಿಕೊಂಡರು. ಬ್ಯಾಂಕುಗಳು ತಮ್ಮ ಸ್ವಂತ ಹಿತಕ್ಕಾಗಿಯಾದರೂ ಎಚ್ಚರದಿಂದ ನಡೆದುಕೊಳ್ಳುತ್ತವೆ, ತಮ್ಮ ಷೇರುದಾರರ ಹಣ ಕಾಯುತ್ತವೆ ಎಂದು ನಂಬಿದ್ದೆ. ಆ ನಂಬಿಕೆಯಲ್ಲಿ ದೋಷವಿತ್ತು ಎಂದರು.

ಒಬ್ಬ ದೊಡ್ಡ ಅಧಿಕಾರಿ ತಪ್ಪೊಪ್ಪಿಕೊಂಡದ್ದು ಅಪರೂಪವೇ. ಆದರೆ ನನ್ನ ಕುತೂಹಲ ಆ ನಂಬಿಕೆಯ ಬಗ್ಗೆ. ತನ್ನ ಹಿತ ನೋಡಿಕೊಳ್ಳುವುದೇ ಮನುಷ್ಯನ ಪರಮಧರ್ಮ ಎಂದು ಎಲ್ಲರೂ ನಂಬಿದರೆ, ನ್ಯಾಯವಾದ ಮಾರುಕಟ್ಟೆ ನಡೆಯುತ್ತದೆಯೆ? ಇವತ್ತಿನ ನನ್ನ ಮಾತೆಲ್ಲ ಈ ಒಂದೇ ಪ್ರಶ್ನೆಯ ಸುತ್ತ.

ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ವ್ಯಾಪಾರಿ ಲಾಭ ಬಯಸುವುದು ತಪ್ಪೆ ಎಂದು ನಾನು ಕೇಳುತ್ತಿಲ್ಲ. ಲಾಭವಿಲ್ಲದೆ ಅಂಗಡಿ ಯಾರೂ ತೆರೆಯುವುದಿಲ್ಲ. ರೈತನಿಗೂ ಒಳ್ಳೆಯ ಬೆಲೆ ಬೇಕು, ಗಿರಾಕಿಗೂ ಅಗ್ಗದ ಮಾಲು ಬೇಕು. ಇದು ಲೋಕರೂಢಿ. ನನ್ನ ಪ್ರಶ್ನೆ ಬೇರೆ. ಸ್ವಹಿತದ ಆಚೆಗೆ ಯಾವ ನೀತಿಯೂ ಬೇಡ, ಅದೊಂದೇ ಸಾಕು ಎನ್ನುವವರಿದ್ದಾರೆ. ಅವರ ಲೆಕ್ಕ ಸರಿಹೋಗುತ್ತದೆಯೆ?

ಈ ಲೆಕ್ಕವನ್ನು ಅತ್ಯಂತ ಧೈರ್ಯವಾಗಿ ಹೇಳಿದವರು ಐನ್ ರ‍್ಯಾಂಡ್ ಎಂಬ ಲೇಖಕಿ. ಹುಟ್ಟಿದ್ದು 1905ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ಔಷಧದ ಅಂಗಡಿ ಇಟ್ಟಿದ್ದರು. ಕ್ರಾಂತಿಯ ನಂತರ ಬಂದ ಹೊಸ ಸರ್ಕಾರ ಆ ಅಂಗಡಿಯನ್ನು ಕಿತ್ತುಕೊಂಡಿತು. ಜನಹಿತಕ್ಕಾಗಿ ಎಂದು ಹೇಳಿಯೇ ಕಿತ್ತುಕೊಂಡಿತು. ಆ ಹುಡುಗಿ ಅದನ್ನು ಮರೆಯಲಿಲ್ಲ. 1926ರಲ್ಲಿ ಅಮೆರಿಕಕ್ಕೆ ಹೋದರು. ‘ದಿ ಫೌಂಟನ್‌ಹೆಡ್’, ‘ಅಟ್ಲಾಸ್ ಶ್ರಗ್ಡ್’ ಎಂಬ ಎರಡು ದಪ್ಪ ಕಾದಂಬರಿಗಳಿಂದ ಹೆಸರಾದರು. ನಮ್ಮ ಕಾಲೇಜು ಹಾಸ್ಟೆಲುಗಳಲ್ಲೂ ಈ ಪುಸ್ತಕಗಳು ಕೈಯಿಂದ ಕೈಗೆ ದಾಟಿವೆ. ಓದಿದ ಹುಡುಗರು ಆರು ತಿಂಗಳು ಯಾರ ಮಾತನ್ನೂ ಕೇಳುವುದಿಲ್ಲ ಎಂಬುದು ಮೇಷ್ಟರುಗಳೆಲ್ಲರ ಅನುಭವ.

1964ರಲ್ಲಿ ಅವರು ಸ್ವಾರ್ಥವೇ ಸದ್ಗುಣ ಎಂದು ಸಾರುವ ಪ್ರಬಂಧ ಸಂಕಲನವನ್ನೇ ತಂದರು. ಹೆಸರಿನಲ್ಲೇ ಕೆಣಕುವ ಉದ್ದೇಶ ಇತ್ತು. ಆದರೆ ಅವರಿಗೆ ಅನ್ಯಾಯ ಮಾಡುವುದು ಬೇಡ. ಕದಿಯಿರಿ, ದೋಚಿರಿ ಎಂದು ಅವರು ಎಲ್ಲೂ ಹೇಳಲಿಲ್ಲ. ಬಲಪ್ರಯೋಗ ಕೂಡದು, ಮೋಸ ಕೂಡದು ಎಂದರು. ಇಬ್ಬರು ಸ್ವತಂತ್ರರು ಒಪ್ಪಿಕೊಂಡು ಕೊಟ್ಟು ತೆಗೆದುಕೊಳ್ಳುವುದೇ ಮನುಷ್ಯ ಸಂಬಂಧದ ಮಾದರಿ ಎಂದರು. ಅವರ ಆದರ್ಶಪುರುಷ ವ್ಯಾಪಾರಿ, ಡಕಾಯಿತನಲ್ಲ.

ನ್ಯೂಯಾರ್ಕಿನ ಅವರ ಮನೆಯಲ್ಲಿ ಶನಿವಾರ ರಾತ್ರಿ ಒಂದು ಗೆಳೆಯರ ಗುಂಪು ಸೇರುತ್ತಿತ್ತು. ಆ ಗುಂಪಿನಲ್ಲಿ ಕಪ್ಪು ಸೂಟು ತೊಟ್ಟ, ಸದಾ ಗಂಭೀರ ಮುಖದ ಒಬ್ಬ ಅರ್ಥಶಾಸ್ತ್ರಜ್ಞ ಇದ್ದ. ಶವಸಂಸ್ಕಾರ ಮಾಡಿಸುವವನು ಎಂದು ರ‍್ಯಾಂಡ್ ಅವನನ್ನು ತಮಾಷೆ ಮಾಡುತ್ತಿದ್ದರು. ಆತನೇ ಅಲನ್ ಗ್ರೀನ್‌ಸ್ಪ್ಯಾನ್. 1963ರಲ್ಲಿ ಆತ ಆ ಗುಂಪಿನ ಪತ್ರಿಕೆಗೆ ಒಂದು ಲೇಖನ ಬರೆದ. ಅದರ ಸಾರ ಇಷ್ಟು. ಗಿರಾಕಿಯನ್ನು ಕಾಯುವುದು ಸರ್ಕಾರದ ಇನ್ಸ್‌ಪೆಕ್ಟರ್ ಅಲ್ಲ. ವ್ಯಾಪಾರಿಯ ಲಾಭದಾಸೆಯೇ ಗಿರಾಕಿಯನ್ನು ಕಾಯುತ್ತದೆ. ಹೆಸರು ಕೆಟ್ಟರೆ ವ್ಯಾಪಾರ ಕೆಡುತ್ತದೆ. ಆದ್ದರಿಂದ ಒಳ್ಳೆಯ ಹೆಸರು ಉಳಿಸಿಕೊಳ್ಳುವುದು ವ್ಯಾಪಾರಿಯ ಸ್ವಾರ್ಥಕ್ಕೇ ಒಳ್ಳೆಯದು.

ಹನ್ನೊಂದು ವರ್ಷಗಳ ನಂತರ, 1974ರಲ್ಲಿ, ಗ್ರೀನ್‌ಸ್ಪ್ಯಾನ್ ಅಮೆರಿಕದ ಅಧ್ಯಕ್ಷರ ಆರ್ಥಿಕ ಸಲಹಾ ಮಂಡಳಿಯ ಮುಖ್ಯಸ್ಥರಾಗಿ ಪ್ರಮಾಣವಚನ ಸ್ವೀಕರಿಸಿದರು. ಆ ದಿನ ಐನ್ ರ‍್ಯಾಂಡ್ ಅಲ್ಲಿದ್ದರು. 1987ರಲ್ಲಿ ಗ್ರೀನ್‌ಸ್ಪ್ಯಾನ್ ಫೆಡರಲ್ ರಿಸರ್ವ್‌ಗೆ ಬಂದರು. ಲೇಖನದಲ್ಲಿದ್ದ ಮಾತು ಹೀಗೆ ಆಡಳಿತದ ಮೇಜಿಗೆ ಬಂತು.

ಇಲ್ಲಿಯವರೆಗೆ ಕೇಳಿದ್ದು ರ‍್ಯಾಂಡ್ ಮತ್ತು ಅವರ ಶಿಷ್ಯರ ಮಾತು. ಹೆಸರಿನ ಆಸೆ, ಲಾಭದ ಆಸೆ, ಇವೆರಡು ಸಾಕು ಎಂಬ ಮಾತು. ಇಂಥ ಮಾತು ಬಂದಾಗಲೆಲ್ಲ ಒಬ್ಬ ಹಿರಿಯರನ್ನು ಸಾಕ್ಷಿಗೆ ಕರೆಯುತ್ತಾರೆ. ಅವರು ಆಡಂ ಸ್ಮಿತ್.

ಸ್ಕಾಟ್ಲೆಂಡಿನ ಸ್ಮಿತ್ 1776ರಲ್ಲಿ ‘ವೆಲ್ತ್ ಆಫ್ ನೇಷನ್ಸ್’ ಬರೆದರು. ನಮ್ಮ ಊಟ ಕಟುಕನ, ರೊಟ್ಟಿ ಮಾಡುವವನ ದಯೆಯಿಂದ ಬರುವುದಲ್ಲ, ಅವರವರ ಸ್ವಹಿತದಿಂದ ಬರುತ್ತದೆ ಎಂದು ಅದರಲ್ಲಿ ಹೇಳಿದರು. ಎಲ್ಲರಿಗೂ ನೆನಪಿರುವುದು ಇಷ್ಟೇ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಒಂದೇ ಕಸುಬಿನ ವ್ಯಾಪಾರಿಗಳು ಸುಮ್ಮನೆ ಮೋಜಿಗೆ ಸೇರಿದರೂ, ಕೊನೆಗೆ ಜನರ ವಿರುದ್ಧ ಸಂಚಿಗೋ ಬೆಲೆ ಏರಿಸುವ ಉಪಾಯಕ್ಕೋ ಮಾತು ತಿರುಗುತ್ತದೆ ಎನ್ನುತ್ತಾರೆ ಸ್ಮಿತ್. ಸ್ವಹಿತವನ್ನು ಅವರು ಪೂಜಿಸಲಿಲ್ಲ. ಅದರ ಶಕ್ತಿಯನ್ನೂ ಕಂಡರು, ಅದರ ಚಾಳಿಯನ್ನೂ ಕಂಡರು.

ಅದಕ್ಕೂ ಮೊದಲು, 1759ರಲ್ಲಿ, ಅವರು ನೀತಿಯ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದರು. ಅದರಲ್ಲಿ ಒಂದು ಓಟದ ಪಂದ್ಯ ಬರುತ್ತದೆ. ಸಂಪತ್ತಿಗಾಗಿ ಓಡುವವನು ಎಷ್ಟು ಬೇಕಾದರೂ ಜೋರಾಗಿ ಓಡಲಿ. ಆದರೆ ಪಕ್ಕದವನನ್ನು ನೂಕಿದರೆ, ಕೆಡವಿದರೆ, ನೋಡುವವರು ಸಹಿಸುವುದಿಲ್ಲ. ಮುಖ್ಯವಾದದ್ದು ಆ ನೋಡುಗ. ಅವನು ಓಟಗಾರನಲ್ಲ, ಅವನಿಗೆ ಗೆಲುವು ಸೋಲಿಲ್ಲ. ಅಂಥ ಒಬ್ಬ ನಿಷ್ಪಕ್ಷಪಾತಿ ನೋಡುಗ ಪ್ರತಿಯೊಬ್ಬನ ಎದೆಯೊಳಗೂ ಕೂತಿರುತ್ತಾನೆ ಎಂಬುದು ಸ್ಮಿತ್ ವಾದ.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಿಬಿಡುತ್ತೇನೆ. 1778ರಲ್ಲಿ ಸ್ಮಿತ್ ಸ್ವತಃ ಸುಂಕದ ಅಧಿಕಾರಿಯಾದರು. ಆಮದು ನಿಷೇಧದ ಕಾನೂನುಗಳು ಅವರಿಗೆ ಇಷ್ಟವಿರಲಿಲ್ಲ. ಆದರೂ ನಿಷೇಧಿತ ವಸ್ತುಗಳ ಪಟ್ಟಿ ತೆಗೆದು, ತಮ್ಮ ಬಟ್ಟೆಯ ಪೆಟ್ಟಿಗೆ ನೋಡಿದರು. ಕೊರಳಪಟ್ಟಿ, ಕರವಸ್ತ್ರ, ಬಹುಪಾಲು ಎಲ್ಲವೂ ಪಟ್ಟಿಯಲ್ಲಿದ್ದ ಮಾಲು! ಮಾದರಿಯಾಗಲಿ ಎಂದು ಎಲ್ಲವನ್ನೂ ಸುಟ್ಟುಹಾಕಿದರು. ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಸುಂಕದ ಸಾಹೇಬರ ಪೆಟ್ಟಿಗೆ ತೆಗೆದು ನೋಡುವವರು ಯಾರಿದ್ದರು? ಯಾರೂ ಇರಲಿಲ್ಲ. ಸ್ವಹಿತದ ಲೆಕ್ಕದಲ್ಲಿ ಈ ಕೆಲಸಕ್ಕೆ ಜಾಗವೇ ಇಲ್ಲ.

ಸರಿ, ಎರಡು ಮಾತು ಆಯಿತು. ಸ್ವಹಿತ ಸಾಕು ಎನ್ನುವವರು ರ‍್ಯಾಂಡ್. ಸ್ವಹಿತ ಓಡಲಿ, ಆದರೆ ನೋಡುಗನೂ ಇರಲಿ ಎನ್ನುವವರು ಸ್ಮಿತ್. ಇನ್ನು ವಾದ ಬಿಟ್ಟು ನಡೆದದ್ದನ್ನು ನೋಡೋಣ. ಹೆಸರು ಕೆಡುವ ಭಯ ವ್ಯಾಪಾರಿಯನ್ನು ಕಾಯುತ್ತದೆಯೆ?

ಕೆಲವು ಕಡೆ ಖಂಡಿತ ಕಾಯುತ್ತದೆ. ನಿಮ್ಮ ಬೀದಿಯ ಕಿರಾಣಿ ಅಂಗಡಿಯವರು ನಿಮಗೆ ಕಲಬೆರಕೆ ಎಣ್ಣೆ ಕೊಡಲು ಹೆದರುತ್ತಾರೆ. ನಾಳೆಯೂ ನೀವು ಬರಬೇಕು. ನಿಮ್ಮ ಅತ್ತಿಗೆಯೂ ಬರಬೇಕು. ಸುದ್ದಿ ಸಂಜೆಯೊಳಗೆ ಬೀದಿಯೆಲ್ಲ ಹರಡುತ್ತದೆ. ಇಲ್ಲಿ ಗ್ರೀನ್‌ಸ್ಪ್ಯಾನ್ ಲೇಖನ ಅಕ್ಷರಶಃ ಸತ್ಯ. ಕೊಳ್ಳುವವನಿಗೂ ಮಾರುವವನಿಗೂ ಮುಖಪರಿಚಯ ಇದೆ. ಮಾಲು ಕೆಟ್ಟದ್ದಾದರೆ ನಾಲಗೆಗೆ ಗೊತ್ತಾಗುತ್ತದೆ.

ಈಗ ಅಮೆರಿಕದ ಮನೆ ಸಾಲದ ಕಥೆ ಕೇಳಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಬ್ಬ ಬಡವನಿಗೆ ಮನೆ ಬೇಕು. ಒಬ್ಬ ಏಜೆಂಟ್ ಅವನಿಗೆ ಸಾಲ ಗೊತ್ತುಮಾಡಿಕೊಡುತ್ತಾನೆ. ಏಜೆಂಟನಿಗೆ ಕಮಿಷನ್ ಸಿಕ್ಕಿತು, ಅವನ ಕೆಲಸ ಮುಗಿಯಿತು. ಸಾಲ ಕೊಟ್ಟ ಕಂಪನಿ ಆ ಸಾಲಪತ್ರವನ್ನು ತನ್ನ ಬಳಿ ಇಟ್ಟುಕೊಳ್ಳುವುದಿಲ್ಲ. ದೊಡ್ಡ ಬ್ಯಾಂಕಿಗೆ ಮಾರಿಬಿಡುತ್ತದೆ. ದೊಡ್ಡ ಬ್ಯಾಂಕು ಇಂಥ ಸಾವಿರಾರು ಸಾಲಪತ್ರಗಳನ್ನು ಒಟ್ಟುಗೂಡಿಸಿ, ತುಂಡು ಮಾಡಿ, ಮತ್ತೆ ಮಾರುತ್ತದೆ. ಕೊಳ್ಳುವವರು ಎಲ್ಲೋ ದೂರದ ಪಿಂಚಣಿ ನಿಧಿಗಳು. ಅವರು ಆ ಬಡವನನ್ನು ನೋಡಿಲ್ಲ, ಆ ಮನೆಯನ್ನೂ ನೋಡಿಲ್ಲ. ಅವರು ನೋಡುವುದು ರೇಟಿಂಗ್ ಸಂಸ್ಥೆ ಕೊಟ್ಟ ದರ್ಜೆಯನ್ನು ಮಾತ್ರ. ಆ ರೇಟಿಂಗ್ ಸಂಸ್ಥೆಗೆ ಶುಲ್ಕ ಕೊಡುವವರು ಯಾರು? ಮಾರುವವರೇ! ಪರೀಕ್ಷೆ ಬರೆದವನೇ ಮೌಲ್ಯಮಾಪಕರಿಗೆ ಸಂಬಳ ಕೊಟ್ಟ ಹಾಗೆ.

ಫಲ ಏನಾಯಿತು? ಮೂಡೀಸ್ ಎಂಬ ಸಂಸ್ಥೆ 2006ರಲ್ಲಿ ಇಂಥ ಅನೇಕ ಪತ್ರಗಳಿಗೆ ಅತ್ಯುತ್ತಮ ದರ್ಜೆ ಕೊಟ್ಟಿತ್ತು. ಅವುಗಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಪತ್ರಗಳ ದರ್ಜೆಯನ್ನು ಆಮೇಲೆ ಇಳಿಸಬೇಕಾಯಿತು.

ಕೇಳುಗರೆ, ಈ ಸರಪಳಿಯಲ್ಲಿ ಹುಚ್ಚರು ಯಾರೂ ಇಲ್ಲ. ಪ್ರತಿಯೊಬ್ಬನೂ ತನ್ನ ಹಿತವನ್ನು ಚೆನ್ನಾಗಿ ನೋಡಿಕೊಂಡ. ಕಂಪನಿಯ ಹೆಸರು ಹಾಳಾಗಲಿಲ್ಲವೆ ಎಂದು ಕೇಳಬಹುದು. ಹಾಳಾಯಿತು. ಆದರೆ ಕಂಪನಿಯ ಹೆಸರು ಬೇರೆ, ಕಂಪನಿಯಲ್ಲಿ ಕೂತವನ ಜೇಬು ಬೇರೆ. ಅವನ ಬೋನಸ್ ಈ ವರ್ಷ ಬರುತ್ತದೆ. ಸಾಲ ಮುಳುಗುವುದು ಮೂರು ವರ್ಷದ ನಂತರ. ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಇದಕ್ಕೆ ಒಂದು ಮಾತೇ ಚಾಲ್ತಿಯಲ್ಲಿತ್ತು. ಅಷ್ಟು ಹೊತ್ತಿಗೆ ನಾನೂ ಇರಲ್ಲ, ನೀನೂ ಇರಲ್ಲ ಎಂಬರ್ಥದ ಮಾತು. ಗ್ರೀನ್‌ಸ್ಪ್ಯಾನ್ ಅವರ 1963ರ ಲೇಖನಕ್ಕೆ ಇದಕ್ಕಿಂತ ಚಿಕ್ಕ ಉತ್ತರ ಬೇಕಿಲ್ಲ.

ಮೋಸ ಮಾಡಿದವನಿಗೇ ನಷ್ಟ ಎಂದು ರ‍್ಯಾಂಡ್ ಹೇಳುತ್ತಿದ್ದರು. ಆದರೆ ಮಾಲಿನ ಗುಣ ಮಾರುವವನಿಗೆ ಮಾತ್ರ ಗೊತ್ತಿದ್ದರೆ ನಷ್ಟ ಯಾರಿಗೆ? 1970ರಲ್ಲಿ ಜಾರ್ಜ್ ಅಕೆರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಕಾರುಗಳ ವ್ಯಾಪಾರವನ್ನು ಉದಾಹರಣೆಯಾಗಿಟ್ಟು ಇದನ್ನು ತೋರಿಸಿದರು. ಕೆಟ್ಟ ಕಾರು ಯಾವುದು, ಒಳ್ಳೆಯದು ಯಾವುದು, ಕೊಳ್ಳುವವನಿಗೆ ತಿಳಿಯದು. ಆದ್ದರಿಂದ ಅವನು ಎಲ್ಲಕ್ಕೂ ನಡುವಿನ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲಾರ. ಅವನು ಪೇಟೆ ಬಿಟ್ಟುಹೋಗುತ್ತಾನೆ. ಮೊದಲು ಹೊರಬೀಳುವವನು ಪ್ರಾಮಾಣಿಕ. ಈ ಕೆಲಸಕ್ಕೆ 2001ರಲ್ಲಿ ಅಕೆರ್ಲಾಫ್ ಅವರಿಗೆ ನೊಬೆಲ್ ಬಂತು.

ಹೆಸರಿನ ಭಯ ಬೀದಿಯ ಅಂಗಡಿಯಲ್ಲಿ ಕೆಲಸ ಮಾಡುತ್ತದೆ, ಉದ್ದ ಸರಪಳಿಯಲ್ಲಿ ಮಾಡುವುದಿಲ್ಲ ಎಂದು ನೋಡಿದೆವು. ಹಾಗಿದ್ದರೆ ಕಾನೂನು ಇದೆಯಲ್ಲ? ಮೋಸವನ್ನು ಕಾನೂನು ತಡೆಯಲಿ, ಉಳಿದದ್ದನ್ನು ಸ್ವಹಿತ ನೋಡಿಕೊಳ್ಳಲಿ. ರ‍್ಯಾಂಡ್ ಕೂಡ ಇದನ್ನೇ ಹೇಳಿದ್ದು. ಅವರ ಆದರ್ಶ ರಾಜ್ಯದಲ್ಲಿ ಪೊಲೀಸರಿದ್ದಾರೆ, ಸೈನ್ಯವಿದೆ, ನ್ಯಾಯಾಲಯಗಳಿವೆ.

ನನ್ನ ತಕರಾರು ಇರುವುದು ಇಲ್ಲಿಯೇ. ಆ ನ್ಯಾಯಾಧೀಶ ಯಾರು? ಅವನೂ ಸ್ವಹಿತವೇ ಪರಮಧರ್ಮ ಎಂದು ನಂಬಿದವನಾದರೆ? ಲಂಚ ದೊಡ್ಡದು, ಸಿಕ್ಕಿಬೀಳುವ ಸಂಭವ ಚಿಕ್ಕದು. ಅವನು ಯಾವ ಕಾರಣಕ್ಕೆ ಬೇಡ ಎನ್ನಬೇಕು? ರ‍್ಯಾಂಡ್ ಅನುಯಾಯಿಗಳು ಹೇಳುತ್ತಾರೆ: ವಿವೇಕಿಯಾದವನು ತಾನು ದುಡಿಯದ್ದನ್ನು ಬಯಸುವುದಿಲ್ಲ. ಒಳ್ಳೆಯ ಮಾತು. ಆದರೆ ಇದು ಸ್ವಹಿತದಿಂದ ಹುಟ್ಟಿದ ಮಾತಲ್ಲ. ನ್ಯಾಯವನ್ನು ಹಿಂಬಾಗಿಲಿನಿಂದ ಒಳಗೆ ಕರೆದು, ಅದಕ್ಕೆ ಸ್ವಹಿತದ ಅಂಗಿ ತೊಡಿಸಿದ್ದಾರೆ.

ಕಾಲ್ಪನಿಕ ನ್ಯಾಯಾಧೀಶನ ಮಾತು ಬಿಡಿ, ನಡೆದದ್ದನ್ನೇ ಹೇಳುತ್ತೇನೆ. 1996ರಲ್ಲಿ ಬ್ರೂಕ್ಸ್‌ಲಿ ಬಾರ್ನ್ ಎಂಬ ವಕೀಲೆ ಅಮೆರಿಕದ ವಾಯಿದಾ ವ್ಯಾಪಾರ ಆಯೋಗದ ಅಧ್ಯಕ್ಷೆಯಾದರು. ಗ್ರೀನ್‌ಸ್ಪ್ಯಾನ್ ಜೊತೆ ಒಮ್ಮೆ ಊಟಕ್ಕೆ ಕುಳಿತರು. ವಂಚನೆಯ ವಿರುದ್ಧವೂ ನಿಯಮ ಬೇಕಿಲ್ಲ, ಮೋಸಗಾರನನ್ನು ಗಿರಾಕಿಗಳೇ ಗುರುತಿಸಿ ಬಿಡುತ್ತಾರೆ ಎಂಬುದು ಗ್ರೀನ್‌ಸ್ಪ್ಯಾನ್ ನಿಲುವಾಗಿತ್ತು ಎಂದು ಬಾರ್ನ್ ಆಮೇಲೆ ಹೇಳಿದ್ದಾರೆ. ರ‍್ಯಾಂಡ್ ಕೂಡ ಅಷ್ಟು ದೂರ ಹೋಗಿರಲಿಲ್ಲ! 1998ರಲ್ಲಿ ಬಾರ್ನ್, ಲೆಕ್ಕಕ್ಕೆ ಸಿಗದ ಹಣಕಾಸು ಒಪ್ಪಂದಗಳ ಮೇಲೆ ಕಣ್ಣಿಡಬೇಕು ಎಂದರು. ಗ್ರೀನ್‌ಸ್ಪ್ಯಾನ್ ಮತ್ತು ಆಗಿನ ಹಣಕಾಸು ಮಂತ್ರಿ ಸೇರಿ ವಿರೋಧಿಸಿದರು. 2000ದಲ್ಲಿ, ಕಣ್ಣಿಡುವುದೇ ಬೇಡ ಎಂಬ ಕಾನೂನು ಬಂತು. ಎಂಟು ವರ್ಷದ ನಂತರ ಎಐಜಿ ಎಂಬ ವಿಮಾ ಕಂಪನಿ ಅಂಥ ಒಪ್ಪಂದಗಳಿಂದಲೇ ಮುಳುಗತೊಡಗಿತು. ಸರ್ಕಾರ ಮೊದಲ ಕಂತಿನಲ್ಲೇ ಸುಮಾರು 8,500 ಕೋಟಿ ಡಾಲರ್ ನೆರವು ಒದಗಿಸಿ ಅದನ್ನು ಎತ್ತಬೇಕಾಯಿತು.

ಇಲ್ಲಿ ಎದುರು ಪಕ್ಷದ ಮಾತನ್ನೂ ಕೇಳಬೇಕು. ಇದು ಮುಕ್ತ ಮಾರುಕಟ್ಟೆಯೇ ಅಲ್ಲ ಎನ್ನುತ್ತಾರೆ ಅವರು. ಬಡ್ಡಿಯನ್ನು ಶೇಕಡಾ 1ಕ್ಕೆ ಇಳಿಸಿದ್ದು ಕೇಂದ್ರ ಬ್ಯಾಂಕು. ಮುಳುಗುವವರನ್ನು ಎತ್ತಿದ್ದು ಸರ್ಕಾರ. ಲಾಭ ನನ್ನದು, ನಷ್ಟ ಊರಿನದು ಎಂದಾದರೆ ಯಾರು ತಾನೆ ಎಚ್ಚರದಿಂದ ಇರುತ್ತಾರೆ? ಈ ಆಕ್ಷೇಪದಲ್ಲಿ ಹುರುಳಿದೆ, ನಾನು ಒಪ್ಪುತ್ತೇನೆ. ರ‍್ಯಾಂಡ್ ಕಾದಂಬರಿಯಲ್ಲೂ ಸರ್ಕಾರದ ಕೃಪೆಯಿಂದ ಬದುಕುವ ಉದ್ಯಮಿಗಳೇ ಖಳನಾಯಕರು. ಆದರೆ ಸರ್ಕಾರದ ಕೃಪೆಗೆ ಉದ್ಯಮಿ ಯಾಕೆ ಓಡಾಡುತ್ತಾನೆ? ಪೈಪೋಟಿಗಿಂತ ಅದು ಅಗ್ಗ. ತನ್ನ ಹಿತವನ್ನು ಬಲ್ಲವನು ಓಡಾಡದೆ ಇರುತ್ತಾನೆಯೆ? ಬೇಡ ಎನ್ನಲು ಅವನಿಗೆ ಸ್ವಹಿತದ ಆಚೆಯ ಯಾವುದೋ ಒಂದು ಬೇಕು.

ಹಾಗಾದರೆ ಮಾರುಕಟ್ಟೆಗೆ ಕಾವಲುಗಾರ ಬೇಕು. ಆ ಕಾವಲುಗಾರ ಬರೀ ಸ್ವಹಿತದವನಾದರೆ ಕೆಲಸ ಕೆಡುತ್ತದೆ. ಇಷ್ಟು ಆಯಿತು. ಈ ತೊಡಕು ಹೊಸದೇನಲ್ಲ. ನಮ್ಮ ಮೈಸೂರಿಗೆ ಬನ್ನಿ.

ಐನ್ ರ‍್ಯಾಂಡ್ ಹುಟ್ಟಿದ ಅದೇ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಒಂದು ತಾಳೆಯೋಲೆಯ ಕಟ್ಟನ್ನು ಗುರುತಿಸಿದರು. ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರಲ್ಲಿ ತೂಕ ಅಳತೆಗೆಂದೇ ಒಬ್ಬ ಅಧ್ಯಕ್ಷನಿದ್ದಾನೆ. ನಾಲ್ಕು ತಿಂಗಳಿಗೊಮ್ಮೆ ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಹಾಕಬೇಕು. ವ್ಯಾಪಾರಿಗಳು ಒಳಗೊಳಗೇ ಕೂಡಿಕೊಂಡು ಬೆಲೆ ಏರಿಸಿದರೆ 1000 ಪಣ ದಂಡ. ಕೌಟಿಲ್ಯನಿಗೆ ವ್ಯಾಪಾರಿಯ ಮೇಲೆ ನಂಬಿಕೆಯಿಲ್ಲ. ತನ್ನ ಅಧಿಕಾರಿಯ ಮೇಲೂ ಇಲ್ಲ. ಅಧಿಕಾರಿಗಳು ಬೊಕ್ಕಸದ ಹಣ ನುಂಗುವ 40 ಬಗೆಗಳನ್ನು ಪಟ್ಟಿ ಮಾಡುತ್ತಾನೆ. ಆದ್ದರಿಂದ ಅಧಿಕಾರಿಯ ಹಿಂದೆ ಗೂಢಚಾರ. ಆ ಗೂಢಚಾರನ ಹಿಂದೆ ಇನ್ನೊಬ್ಬ.

ಎಲ್ಲರೂ ಸ್ವಾರ್ಥಿಗಳೇ ಎಂದು ಹೊರಟರೆ ನಡೆಯುವ ದಾರಿ ಇದು. ಕಾವಲಿಗೆ ಕಾವಲು, ಅದಕ್ಕೆ ಮತ್ತೊಂದು ಕಾವಲು. ಪೇಟೆ ನಡೆಯುತ್ತದೆ, ಇಲ್ಲ ಎನ್ನಲಾರೆ. ಆದರೆ ರ‍್ಯಾಂಡ್ ಬಯಸಿದ್ದು ಸರ್ಕಾರವೇ ಕಾಣದಂಥ ಪೇಟೆಯನ್ನು. ಅವರ ನೀತಿಯನ್ನು ನಿಜವಾಗಿ ಪಾಲಿಸಿದರೆ ಸಿಗುವುದು ಕೌಟಿಲ್ಯನ ಪೇಟೆ.

ಕೊನೆಗೆ, ನಿಮ್ಮಲ್ಲಿ ಅನೇಕರು ಬಲ್ಲ ಜಾಗಕ್ಕೆ ಹೋಗೋಣ. ಎಪಿಎಂಸಿ ಯಾರ್ಡು. ಹಿಂದೆ ಎಷ್ಟೋ ಕಡೆ ಬೆಲೆ ತೀರ್ಮಾನವಾಗುತ್ತಿದ್ದದ್ದು ಬಟ್ಟೆಯ ಮರೆಯಲ್ಲಿ, ಬೆರಳು ಮುಟ್ಟಿ. ಮಾಲಿನ ಒಡೆಯ ರೈತ. ಅವನಿಗೆ ಮಾತ್ರ ಬೆಲೆ ಗೊತ್ತಾಗುತ್ತಿರಲಿಲ್ಲ! ತೂಕದಲ್ಲಿ ‘ಸೂಟು’ ಎಂದು ಒಂದಷ್ಟು ಕಳೆಯುವುದು, ಧರ್ಮಕ್ಕೆ ಎಂದು ಇನ್ನೊಂದಷ್ಟು. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ನಿಯಂತ್ರಿತ ಮಾರುಕಟ್ಟೆ ಬೇಕು ಎಂದು ಹೇಳಿದ್ದು ಇಂಥ ಪದ್ಧತಿಗಳನ್ನು ನೋಡಿಯೇ. ನಮ್ಮ ರಾಜ್ಯದ ಕಾಯ್ದೆ ಬಂದದ್ದು 1966ರಲ್ಲಿ. 2014ರಿಂದ ಕರ್ನಾಟಕ ತನ್ನ ಮಾರುಕಟ್ಟೆಗಳನ್ನು ಒಂದೇ ಕಂಪ್ಯೂಟರ್ ಜಾಲಕ್ಕೆ ಜೋಡಿಸತೊಡಗಿತು. ಖರೀದಿದಾರ ತನ್ನ ಬೆಲೆಯನ್ನು ಕಂಪ್ಯೂಟರಿನಲ್ಲಿ ಹಾಕುತ್ತಾನೆ. ಪಕ್ಕದವನು ಎಷ್ಟು ಹಾಕಿದ ಎಂಬುದು ಅವನಿಗೆ ಕಾಣದು.

ಗಮನಿಸಿ. ಖರೀದಿದಾರರು ಅವರೇ, ಅವರ ಲಾಭದಾಸೆಯೂ ಅಷ್ಟೇ. ಬದಲಾದದ್ದು ನಿಯಮ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುವ ಹಾಗೆ ಭತ್ತ, ಕಡಲೆಕಾಯಿ, ಮೆಕ್ಕೆಜೋಳಕ್ಕೆ ಬೆಲೆ ಶೇಕಡಾ 3ರಿಂದ 5ರಷ್ಟು ಏರಿತು. ಬೇರೆ ಕೆಲವು ಬೆಳೆಗಳಲ್ಲಿ ಅಂಥ ಸ್ಪಷ್ಟ ಬದಲಾವಣೆ ಕಾಣಲಿಲ್ಲ. ಸಣ್ಣ ಅಂಕಿ ಎನ್ನಬೇಡಿ. ಖರ್ಚು ಕಳೆದು ರೈತನ ಕೈಯಲ್ಲಿ ಉಳಿಯುವುದೇ ಅಷ್ಟು ತೆಳ್ಳಗಿನದು.

ಕಂಪ್ಯೂಟರಿನಿಂದ ಎಲ್ಲವೂ ಆಗುವುದಿಲ್ಲ. ನಾಲ್ಕೇ ಖರೀದಿದಾರರು ಇರುವ ಊರಿನಲ್ಲಿ ಹಿಂದಿನ ರಾತ್ರಿ ಫೋನಿನಲ್ಲೇ ಬೆಲೆ ಗೊತ್ತುಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ದೂರದ ಊರಿನ ಖರೀದಿದಾರ ಬೆಲೆ ಹಾಕಬೇಕಾದರೆ, ಮಾಲನ್ನು ಕಣ್ಣಾರೆ ನೋಡದ ಅವನಿಗೆ ಯಾರಾದರೂ ನಂಬಿಕೆಯಿಂದ ಹೇಳಬೇಕು: ತೇವ ಇಷ್ಟು, ಕಸ ಇಷ್ಟು, ಕಾಳು ಇಂಥದ್ದು. ಹಾಗೆ ಹೇಳುವವನ ಸಂಬಳ ಖರೀದಿದಾರನಿಂದ ಬರಬಾರದು, ರೈತನಿಂದಲೂ ಬರಬಾರದು, ದಲಾಲಿ ಅಂಗಡಿಯಿಂದಂತೂ ಬರಲೇಬಾರದು. ಯಾರ್ಡಿನಲ್ಲಿ ಎಷ್ಟು ಪರದೆ ಇವೆ ಎಂದು ನಾವು ಲೆಕ್ಕ ಕೇಳುತ್ತೇವೆ. ಈ ಕೆಲಸಕ್ಕೆ ಎಷ್ಟು ಜನರನ್ನು ಇಟ್ಟಿದ್ದಾರೆ, ಅವರಿಗೆ ಸಂಬಳ ಎಷ್ಟು, ಖರೀದಿದಾರರ ದೂರಿನ ಮೇಲೆ ಅವರನ್ನು ವರ್ಗ ಮಾಡಿಸಲು ಸಾಧ್ಯವೆ ಎಂಬುದನ್ನೂ ಕೇಳಬೇಕು.